ಗರ್ಭಿಣಿಯ ತೂಕವೂ ಮನೆಯವರ ಹೊಣೆಯೂ

ಸೊಸೆಯು ಗರ್ಭಿಣಿಯಾದಳೆಂಬ ಶುಭವಾರ್ತೆಯು ತಿಳಿದೊಡನೆ ನಮ್ಮ ಮನೆಗಳಲ್ಲಿ ಅಡಿಗೆಯ ಕ್ರಮವೇ ಬೇರೆಯಾಗುವುದುಂಟು. ಅತ್ತೆಯವರು ಅವಳ ಅನ್ನದ ಮೇಲೆ ಒಂದು ಚಮಚಕ್ಕೆ ಎರಡು ಚಮಚ ತುಪ್ಪವನ್ನು ಬಡಿಸುವರು. ತವರಿನವರು ಉಂಡೆ, ಹಲ್ವ, ಚಕ್ಕುಲಿಗಳ ಡಬ್ಬಿಗಳನ್ನು ಹೊತ್ತು ಬರುವರು. ಬಯಕೆಯ ದಿನವಂತೂ ಬಂಧುಬಳಗದವರೆಲ್ಲರೂ ಒಂದೊಂದು ಸಿಹಿಯನ್ನು ಅವಳಿಗೆ ತಿನ್ನಿಸಿ ಹರಸುವರು. "ಎರಡು ಜೀವದವಳು, ಇಬ್ಬರ ಊಟವನ್ನು ಉಣ್ಣಬೇಕು" ಎಂಬ ಮಾತು ಎಲ್ಲರ ಬಾಯಿಯಲ್ಲಿಯೂ ಇರುತ್ತದೆ. ಅದೇ ಬಾಯಿಯಿಂದ "ಬಗ್ಗಬೇಡ, ಮೆಟ್ಟಲು ಹತ್ತಬೇಡ, ಸುಮ್ಮನೆ ಮಲಗಿರು" ಎಂಬ ಉಪದೇಶವೂ ಹೊರಡುತ್ತದೆ. ಹೀಗೆ ಊಟವು ಇಮ್ಮಡಿಯಾಗಿ ನಡೆಯು ಅರ್ಧವಾಗುತ್ತದೆ. ಇದೆಲ್ಲವೂ ಪ್ರೀತಿಯಿಂದಲೇ ನಡೆಯತಕ್ಕ ಕೆಲಸವೆಂಬುದರಲ್ಲಿ ಸಂದೇಹವಿಲ್ಲ. ಆದರೆ ಪ್ರೀತಿಗೂ ಒಂದು ಅಳತೆಯುಂಟು.

ಇದಕ್ಕೆ ನೇರವಾಗಿ ವಿರುದ್ಧವಾದ ನಂಬಿಕೆಯೂ ಕೆಲವು ಕುಟುಂಬಗಳಲ್ಲಿ ಇಲ್ಲದಿಲ್ಲ. ತಾಯಿಯು ಹೊಟ್ಟೆತುಂಬ ಉಂಡರೆ ಶಿಶುವು ದೊಡ್ಡದಾಗಿ ಹೆರಿಗೆಯು ಕಷ್ಟವಾದೀತೆಂದು ಹೆದರಿ, ಕಡೆಯ ತಿಂಗಳುಗಳಲ್ಲಿ ಅವಳ ಊಟವನ್ನೇ ಮೊಟಕು ಮಾಡುವವರಿದ್ದಾರೆ. ಮೈಯ ಅಂದವು ಕೆಟ್ಟೀತೆಂಬ ಭಯದಿಂದ ತಾವಾಗಿಯೇ ಒಪ್ಪತ್ತು ಹಿಡಿಯುವ ವಿದ್ಯಾವಂತ ಹೆಣ್ಣುಮಕ್ಕಳೂ ಈಗ ಕಾಣಸಿಗುತ್ತಾರೆ. ಈ ಎರಡು ದಾರಿಗಳೂ ತಪ್ಪು. ಗರ್ಭಿಣಿಯು ತೂಕವನ್ನು ಇಳಿಸತಕ್ಕವಳಲ್ಲ. ಅವಳ ತೂಕವು ಏರಲೇಬೇಕು. ಆದರೆ ತಕ್ಕ ಅಳತೆಯಲ್ಲಿ, ತಕ್ಕ ವೇಗದಲ್ಲಿ ಏರಬೇಕು. ಆ ಅಳತೆಯನ್ನು ಕಾಯುವ ಹೊಣೆಯು ಅವಳೊಬ್ಬಳದಲ್ಲ. ಸೌಟನ್ನು ಹಿಡಿದಿರುವವರದು, ಸಾಮಾನು ಕೊಂಡು ತರುವವರದು, ಮನೆಗೆಲಸವನ್ನು ಹಂಚುವವರದು. ಆದುದರಿಂದಲೇ ಈ ವಿಷಯವನ್ನು ಗರ್ಭಿಣಿಯರ ಮುಂದೆ ಮಾತ್ರವಲ್ಲದೆ ಇಡೀ ಮನೆಯವರ ಮುಂದೆ ಇರಿಸುವುದು ಯುಕ್ತವೆನಿಸುತ್ತದೆ.

ಬದಲಾದ ಮನೆ, ಬದಲಾಗದ ಬಟ್ಟಲು

ನಮ್ಮ ಅಜ್ಜಿಯಂದಿರೂ ಮೂರು ಹೊತ್ತು ಅನ್ನವನ್ನೇ ಉಂಡವರು. ಅವರಿಗೆ ಬಾರದ ತೊಂದರೆಯು ಈಗಿನವರಿಗೇಕೆಂದು ಕೇಳುವವರುಂಟು. ಪ್ರಶ್ನೆಯು ಸರಿಯಾದುದೇ. ಅದರ ಉತ್ತರವು ಮಂಗಳೂರಿನ ಹಳೆಯ ಮನೆಗಳಲ್ಲಿಯೇ ಇದೆ. ಹೆಂಚಿನ ಮನೆಯ ಹಿಂಬದಿಯಲ್ಲಿ ಬಾವಿ; ಅದರಿಂದ ದಿನಕ್ಕೆ ಹತ್ತಾರು ಕೊಡ ನೀರನ್ನು ಸೇದಬೇಕು. ಅಡಿಗೆಯ ಕೋಣೆಯಲ್ಲಿ ಕಡೆಯುವ ಕಲ್ಲು. ಸಾರಿನ ಮಸಾಲೆಯನ್ನೂ ದೋಸೆಯ ಹಿಟ್ಟನ್ನೂ ಅದರಲ್ಲಿಯೇ ಕಡೆಯಬೇಕು. ಮೆಟ್ಟುಕತ್ತಿಯ ಮುಂದೆ ಕುಳಿತು ಕಾಯಿ ತುರಿಯಬೇಕು, ಕಲ್ಲಿನ ಮೇಲೆ ಬಟ್ಟೆ ಒಗೆಯಬೇಕು. ಹೊರಗೆ ಹೊರಟರೆ ಊರೇ ಏರುತಗ್ಗು: ಕದ್ರಿಗುಡ್ಡವನ್ನಾಗಲಿ ಬಾವುಟಗುಡ್ಡವನ್ನಾಗಲಿ ಕಾಲ್ನಡೆಯಲ್ಲಿಯೇ ಹತ್ತಿಳಿಯಬೇಕು. ಕೆಲವೊಮ್ಮೆ ಆ ದುಡಿಮೆಯು ಅತಿಯಾಗಿ ಬಸುರಿಯರನ್ನು ಬಳಲಿಸಿದುದೂ ನಿಜವೇ. ಆದುದರಿಂದ ಆ ಕಾಲವು ಮರಳಿ ಬರಲೆಂದು ಯಾರೂ ಹಾರೈಸಬೇಕಾಗಿಲ್ಲ. ಆದರೆ ಉಂಡ ಅನ್ನವನ್ನು ಮೈಯು ಆಗ ಕರಗಿಸುತ್ತಿತ್ತೆಂಬುದನ್ನು ಮಾತ್ರ ಮರೆಯಬಾರದು.

ಈಗ ನೀರು ನಲ್ಲಿಯಲ್ಲಿ ಬರುತ್ತದೆ. ಮಸಾಲೆಯನ್ನು ಮಿಕ್ಸಿಯು ಅರೆಯುತ್ತದೆ. ಬಟ್ಟೆಯನ್ನು ಯಂತ್ರವು ಒಗೆಯುತ್ತದೆ. ಏಳನೆಯ ಮಾಳಿಗೆಯ ಮನೆಗೆ ಲಿಫ್ಟು ಕೊಂಡೊಯ್ಯುತ್ತದೆ. ಹೊರಗೆ ದುಡಿಯುವವರಿಗಾದರೂ ನಡೆಯು ಹೆಚ್ಚಿದೆಯೇ ಎಂದರೆ ಅದೂ ಇಲ್ಲ. ಕಚೇರಿಯಲ್ಲಿರುವವಳು ಎಂಟು ಗಂಟೆ ಕುರ್ಚಿಯಲ್ಲಿಯೇ ಇರುವಳು. ನಮ್ಮ ಜಿಲ್ಲೆಯಲ್ಲಿ ಬಹುಸಂಖ್ಯೆಯ ಸ್ತ್ರೀಯರು ಮಾಡುವ ಬೀಡಿ ಕಟ್ಟುವ ಕೆಲಸವಂತೂ ತಡಪೆಯನ್ನು ಮಡಿಲ ಮೇಲಿರಿಸಿಕೊಂಡು ಗಂಟೆಗಟ್ಟಲೆ ಕುಳಿತಲ್ಲಿಯೇ ಕೂರುವ ಕೆಲಸ. ಅದರಲ್ಲಿ ಹೊಗೆಸೊಪ್ಪಿನ ಧೂಳು ಗರ್ಭಿಣಿಗೆ ಕೆಡುಕೆಂಬುದು ಬೇರೆ. ಮನೆಯೂ ದುಡಿಮೆಯೂ ಹೀಗೆ ಬದಲಾದರೂ ಬಟ್ಟಲು ಬದಲಾಗಲಿಲ್ಲ. ಬೆಳಿಗ್ಗೆ ದೋಸೆ, ಮಧ್ಯಾಹ್ನ ಅನ್ನ, ರಾತ್ರಿ ಪುನಃ ಅನ್ನ. ನಡುವೆ ಬನ್ಸು, ಗೋಳಿಬಜೆ, ಬೇಕರಿಯ ತಿನಿಸು, ಸಂಜೆ ಪೇಟೆಗೆ ಹೋದರೆ ಐಸ್‌ಕ್ರೀಮು. ಖರ್ಚು ತಗ್ಗಿ ಆದಾಯವು ಹೆಚ್ಚಿದಲ್ಲಿ ಉಳಿತಾಯವು ಬೆಳೆಯುವಂತೆ, ಮೈಯಲ್ಲಿ ಕೊಬ್ಬು ಬೆಳೆಯುತ್ತದೆ.

ಇದರಿಂದ ಆಗುವ ಕೇಡೇನು?

ಗರ್ಭಕಾಲದಲ್ಲಿ ತೂಕವು ಮಿತಿಮೀರಿ ಏರಿದರೆ ಮಗುವು ಅತಿ ದಪ್ಪವಾಗಿ ಬೆಳೆದು ಶಸ್ತ್ರಕ್ರಿಯೆಯ ಹೆರಿಗೆಯು ಬೇಕಾಗುವ ಸಂಭವವು ಹೆಚ್ಚು. ರಕ್ತದ ಒತ್ತಡವು ಏರುವ ಸಂಭವವು ಹೆಚ್ಚು. ಹೆರಿಗೆಯ ತರುವಾಯವೂ ಆ ತೂಕವು ಇಳಿಯದೆ ಮುಂದಿನ ಬಸುರಿಗೆ ಮೂಲವಾಗಿ ನಿಲ್ಲುತ್ತದೆ. ಮೊದಲೇ ಸ್ಥೂಲಕಾಯಳಾದವಳಿಗೆ ಗರ್ಭಕಾಲದಲ್ಲಿ ಮಧುಮೇಹವು ಕಾಣಿಸಿಕೊಳ್ಳುವ ಭಯವೂ ಅಧಿಕ. ತೂಕವು ಸಾಕಷ್ಟು ಏರದೆ ಹೋದರೆ ಶಿಶುವು ಕೃಶವಾಗಿ, ದಿನ ತುಂಬುವ ಮೊದಲೇ ಹುಟ್ಟೀತು. ಆದರೆ ಕೇಡು ಹೆರಿಗೆಯ ದಿನಕ್ಕೆ ಮುಗಿಯುವುದಿಲ್ಲ. ಇದಕ್ಕೆ ನಮ್ಮ ಕನ್ನಡನಾಡಿನಲ್ಲಿಯೇ ದೊರೆತ ಪ್ರಮಾಣವೊಂದುಂಟು.

ಮೈಸೂರಿನ ಹೋಲ್ಡ್ಸ್‌ವರ್ತ್ ಸ್ಮಾರಕ ಆಸ್ಪತ್ರೆಯನ್ನು ಜನರು ಮಿಶನ್ ಆಸ್ಪತ್ರೆಯೆಂದು ಕರೆಯುವರು. ಅಲ್ಲಿ ೧೯೩೪ರಿಂದ ಹುಟ್ಟಿದ ಶಿಶುಗಳ ತೂಕ, ಉದ್ದ, ತಲೆಯ ಸುತ್ತಳತೆಗಳನ್ನು ಪುಸ್ತಕದಲ್ಲಿ ಬರೆದಿರಿಸಿದ್ದರು. ಇಂಗ್ಲೆಂಡಿನ ಸೌತಾಂಪ್ಟನ್ನಿನ ಡಾಕ್ಟರ್ ಕೆರೊಲಿನ್ ಫಾಲ್ ಮತ್ತು ಅವರ ಸಹೋದ್ಯೋಗಿಗಳು ಮೈಸೂರಿನ ವೈದ್ಯರೊಡಗೂಡಿ, ಆ ಪುಸ್ತಕಗಳಲ್ಲಿ ಹೆಸರಿದ್ದ ಮಕ್ಕಳನ್ನು ಅವರು ನಡುಹರೆಯವನ್ನು ದಾಟಿದ ಮೇಲೆ ಹುಡುಕಿ ಪರೀಕ್ಷಿಸಿದರು. ೧೯೯೬ರಲ್ಲಿ ಪ್ರಕಟವಾದ ಅವರ ವರದಿಯಂತೆ, ಹುಟ್ಟುವಾಗ ತೂಕ ಕಡಿಮೆಯಿದ್ದವರಲ್ಲಿ ಹೃದಯದ ರೋಗವು ಹೆಚ್ಚಾಗಿ ಕಂಡುಬಂದಿತು. ಎರಡು ವರ್ಷಗಳ ಮೇಲೆ ಪ್ರಕಟವಾದ ಇನ್ನೊಂದು ವರದಿಯು ಮತ್ತಷ್ಟು ವಿಚಾರಾರ್ಹವಾದುದು: ಹುಟ್ಟುವಾಗ ಉದ್ದಕ್ಕೆ ಮೀರಿದ ದಪ್ಪವಿದ್ದವರಲ್ಲಿಯೂ, ಇತರರಿಗಿಂತ ಭಾರವಾದ ತಾಯಂದಿರ ಮಕ್ಕಳಲ್ಲಿಯೂ ಮಧುಮೇಹವು ಅಧಿಕವಾಗಿತ್ತು. ಗರ್ಭದ ಒಂಬತ್ತು ತಿಂಗಳುಗಳ ಕೊರತೆಯೂ ಅತಿಯೂ ನಾಲ್ಕೈದು ದಶಕಗಳ ಮೇಲೆ ತಲೆಯೆತ್ತಬಲ್ಲವೆಂಬುದು ಇದರಿಂದ ಸೂಚಿತವಾಗುತ್ತದೆ.

ಅದೇ ಆಸ್ಪತ್ರೆಯಲ್ಲಿ ೧೯೯೭–೯೮ರಲ್ಲಿ ಗರ್ಭಿಣಿಯರನ್ನು ಪರೀಕ್ಷಿಸಿದಾಗ ನೂರರಲ್ಲಿ ಆರು ಮಂದಿಗೆ ಗರ್ಭಕಾಲದ ಮಧುಮೇಹವಿದ್ದುದು ತಿಳಿದುಬಂದಿತು. ಹೆರಿಗೆಯಾಗಿ ಐದು ವರ್ಷಗಳಾಗುವಷ್ಟರಲ್ಲಿ, ಆಗ ಮಧುಮೇಹವಿದ್ದ ತಾಯಂದಿರಲ್ಲಿ ಮರಳಿ ಪರೀಕ್ಷೆಗೆ ಒಳಗಾದವರ ಪೈಕಿ ಶೇಕಡ ೩೭ ಮಂದಿಗೆ ಸಕ್ಕರೆ ಕಾಯಿಲೆಯು ಸ್ಥಿರವಾಗಿ ನೆಲೆಸಿತ್ತು. ಇಲ್ಲದಿದ್ದವರಲ್ಲಿ ಅದು ಶೇಕಡ ೨ ಮಾತ್ರ. ಆ ತಾಯಂದಿರ ಹೆಣ್ಣುಮಕ್ಕಳ ಮೈಯಲ್ಲಿ ಐದರ ಪ್ರಾಯದಲ್ಲಿಯೇ ಉಳಿದವರಿಗಿಂತ ಹೆಚ್ಚು ಕೊಬ್ಬು ಸೇರಿತ್ತು. ವಂಶದ ದೋಷ, ತಾಯಿಯ ವಯಸ್ಸು ಮುಂತಾದ ಕಾರಣಗಳೂ ಇದರಲ್ಲಿ ಸೇರಿರುವುದರಿಂದ ಎಲ್ಲವನ್ನೂ ತೂಕದ ತಲೆಗೆ ಕಟ್ಟಲಾಗದು. ಆದರೆ ವಂಶವನ್ನಾಗಲಿ ವಯಸ್ಸನ್ನಾಗಲಿ ಬದಲಿಸುವುದು ನಮ್ಮ ಕೈಯಲ್ಲಿಲ್ಲ. ಊಟವೂ ನಡೆಯೂ ನಮ್ಮ ಕೈಯಲ್ಲಿವೆ.

ತೂಕದ ಲೆಕ್ಕ

ಗರ್ಭಿಣಿಯ ಮೈಯಲ್ಲಿ ಏರುವ ತೂಕವೆಲ್ಲವೂ ಕೊಬ್ಬಲ್ಲ. ತುಂಬಿದ ದಿನಗಳಲ್ಲಿ ಶಿಶುವಿನ ತೂಕವು ಸುಮಾರು ೩ ಕಿಲೋಗ್ರಾಮ್. ಮಾಸು ೬೦೦ ಗ್ರಾಮ್. ಗರ್ಭದ ನೀರು ೮೦೦ ಗ್ರಾಮ್. ಬೆಳೆದ ಗರ್ಭಕೋಶವು ೧ ಕಿಲೋಗ್ರಾಮ್. ತುಂಬಿದ ಎದೆಯ ಭಾರವು ೪೦೦ ಗ್ರಾಮ್. ಹೆಚ್ಚಿದ ರಕ್ತವು ಒಂದೂವರೆ ಕಿಲೋಗ್ರಾಮ್. ಮೈಯಲ್ಲಿ ನಿಂತ ನೀರು ಮತ್ತೆ ಒಂದೂವರೆ. ಮೊಲೆಯೂಡಿಸುವ ಕಾಲಕ್ಕೆಂದು ಪ್ರಕೃತಿಯು ಕೂಡಿಡುವ ಕೊಬ್ಬು ಸುಮಾರು ೩. ಒಟ್ಟು ಹನ್ನೆರಡು ಕಿಲೋಗ್ರಾಮಿಗೆ ಸಮೀಪ. ಹೈದರಾಬಾದಿನ ರಾಷ್ಟ್ರೀಯ ಪೋಷಣ ಸಂಸ್ಥೆಯು ಸಾಧಾರಣ ಮೈಕಟ್ಟಿನ ಭಾರತೀಯ ಸ್ತ್ರೀಗೆ ೧೦ರಿಂದ ೧೨ ಕಿಲೋಗ್ರಾಮ್ ಏರಿಕೆಯು ಸಾಕೆಂದು ಹೇಳುವುದು ಈ ಲೆಕ್ಕಕ್ಕೆ ಸರಿಹೋಗುತ್ತದೆ.

ಎಲ್ಲರಿಗೂ ಒಂದೇ ಅಳತೆಯು ಒಗ್ಗದು. ಬಸುರಿಗೆ ಮೊದಲಿನ ಮೈಕಟ್ಟನ್ನು ಅರಿಯಲು ಸುಲಭವಾದ ಗಣಿತವೊಂದಿದೆ. ತೂಕವನ್ನು ಕಿಲೋಗ್ರಾಮಿನಲ್ಲಿ ಬರೆದು, ಎತ್ತರದ ಮೀಟರನ್ನು ಅದರಿಂದಲೇ ಗುಣಿಸಿ ಬಂದ ಸಂಖ್ಯೆಯಿಂದ ಭಾಗಿಸಬೇಕು. ಒಬ್ಬಳ ಎತ್ತರವು ೧.೫೫ ಮೀಟರ್, ತೂಕವು ೫೨ ಕಿಲೋಗ್ರಾಮ್ ಎಂದಿಟ್ಟುಕೊಳ್ಳೋಣ. ೧.೫೫ನ್ನು ೧.೫೫ರಿಂದ ಗುಣಿಸಿದರೆ ೨.೪; ೫೨ನ್ನು ಅದರಿಂದ ಭಾಗಿಸಿದರೆ ಸುಮಾರು ೨೧.೬. ಇದನ್ನೇ ವೈದ್ಯರು ಬಿ.ಎಂ.ಐ. ಎಂದು ಕರೆಯುವರು. ಅಮೆರಿಕದ ವೈದ್ಯಕೀಯ ಸಂಸ್ಥೆಯು ೨೦೦೯ರಲ್ಲಿ ಗೊತ್ತುಪಡಿಸಿದ ಕ್ರಮದಂತೆ, ಈ ಸಂಖ್ಯೆಯು ೧೮.೫ಕ್ಕಿಂತ ಕಡಿಮೆಯಿದ್ದರೆ ೧೨.೫ರಿಂದ ೧೮ ಕಿಲೋಗ್ರಾಮ್ ಏರಬಹುದು, ೧೮.೫ರಿಂದ ೨೪.೯ರ ವರೆಗಿದ್ದರೆ ೧೧.೫ರಿಂದ ೧೬, ೨೫ರಿಂದ ೨೯.೯ರ ವರೆಗಿದ್ದರೆ ೭ರಿಂದ ೧೧.೫, ೩೦ ಅಥವಾ ಅದಕ್ಕಿಂತ ಹೆಚ್ಚಿದ್ದರೆ ೫ರಿಂದ ೯ ಸಾಕು. ನಮ್ಮ ಜನರ ಮೈಯಲ್ಲಿ, ಅದರಲ್ಲಿಯೂ ಹೊಟ್ಟೆಯ ಸುತ್ತ, ಕೊಬ್ಬು ಬೇಗ ಸೇರುವುದರಿಂದ ಭಾರತದ ವೈದ್ಯರು ೨೩ರಿಂದಲೇ ತೂಕವು ಹೆಚ್ಚಾಯಿತೆಂದು ಎಣಿಸುವರು. ಆದುದರಿಂದ ಮೇಲಿನ ಅಂಕಿಗಳಲ್ಲಿ ತನಗೆ ತಕ್ಕುದು ಯಾವುದೆಂಬುದನ್ನು ಮೊದಲನೆಯ ಪರೀಕ್ಷೆಯ ದಿನವೇ ವೈದ್ಯರಿಂದ ಕೇಳಿ ತಿಳಿದು ಬರೆದಿಟ್ಟುಕೊಳ್ಳುವುದು ಲೇಸು. ಅವಳಿಮಕ್ಕಳಿದ್ದರೆ ಲೆಕ್ಕವೇ ಬೇರೆ.

ಒಟ್ಟು ತೂಕದಷ್ಟೇ ಅದು ಏರುವ ವೇಗವೂ ಮುಖ್ಯ. ಮೊದಲಿನ ಮೂರು ತಿಂಗಳಲ್ಲಿ ಎಲ್ಲ ಸೇರಿ ಅರ್ಧದಿಂದ ಎರಡು ಕಿಲೋಗ್ರಾಮ್ ಏರಿದರೆ ಸಾಕು. ವಾಂತಿಯ ಬಾಧೆಯಿಂದ ಆಗ ತುಸು ಇಳಿದರೂ ಗಾಬರಿಪಡಬೇಕಾಗಿಲ್ಲ. ಅಲ್ಲಿಂದ ಮುಂದೆ ಸಾಧಾರಣ ಮೈಯವಳಿಗೆ ವಾರಕ್ಕೆ ೪೦೦ ಗ್ರಾಮಿನಷ್ಟು, ಸ್ಥೂಲಳಿಗೆ ೨೦೦ರಿಂದ ೩೦೦ ಗ್ರಾಮಿನಷ್ಟು ಏರಿಕೆಯು ತಕ್ಕದ್ದು. ವಾರಕ್ಕೊಮ್ಮೆ, ಒಂದೇ ತಕ್ಕಡಿಯಲ್ಲಿ, ಬೆಳಗಿನ ತಿಂಡಿಗೆ ಮೊದಲು ತೂಗಿ ಬರೆದಿಡಬೇಕು. ದಿನವೂ ತೂಗಿ ಕೊರಗುವುದರಿಂದ ಪ್ರಯೋಜನವಿಲ್ಲ.

ಊಟದ ಬಗೆ

"ಇಬ್ಬರ ಊಟ" ಎಂಬ ಮಾತನ್ನು ಪರೀಕ್ಷಿಸಿ ನೋಡೋಣ. ಮೊದಲ ಮೂರು ತಿಂಗಳಲ್ಲಿ ಹೆಚ್ಚಿನ ಆಹಾರವೇ ಬೇಕಿಲ್ಲವೆನ್ನಬಹುದು. ಅನಂತರ ದಿನಕ್ಕೆ ಬೇಕಾದುದು ೩೫೦ ಕ್ಯಾಲೊರಿ ಹೆಚ್ಚು. ಅದು ಎಷ್ಟೆಂದರೆ ಎರಡು ಇಡ್ಲಿ, ಒಂದು ಲೋಟ ಹಾಲು, ಒಂದು ಬಾಳೆಹಣ್ಣು. ಇಷ್ಟೇ ಆ ಎರಡನೆಯ ಜೀವದ ಪಾಲು. ಒಂದು ದೊಡ್ಡ ಚಮಚ ತೆಂಗಿನೆಣ್ಣೆಯಲ್ಲಿ ಸುಮಾರು ೧೨೦ ಕ್ಯಾಲೊರಿಯಿದೆ. ತುಪ್ಪವೂ ಅದಕ್ಕೆ ಕಡಿಮೆಯದಲ್ಲ. ಅಕ್ಕರೆಯಿಂದ ಬಡಿಸುವ ಕೈಯು ಮೂರು ಚಮಚಕ್ಕೆ ಈ ಪಾಲನ್ನು ಮುಗಿಸಿಬಿಡುವುದು. ಶಿಶುವಿನ ಮೈಗಟ್ಟುವ ವಸ್ತುಗಳಾದರೋ ಆ ಚಮಚಗಳಲ್ಲಿ ಇರುವುದಿಲ್ಲ.

ಆ ಮೈಗಟ್ಟುವ ವಸ್ತುಗಳಲ್ಲಿ ಮೊದಲನೆಯದು ಸಸಾರಜನಕ, ಎಂದರೆ ಪ್ರೋಟೀನು. ೫೫ ಕಿಲೋಗ್ರಾಮ್ ತೂಕದ ಸ್ತ್ರೀಗೆ ದಿನಕ್ಕೆ ೪೬ ಗ್ರಾಮಿನಷ್ಟು ಸಾಕಾಗುವ ಈ ವಸ್ತುವು ನಾಲ್ಕನೆಯ ತಿಂಗಳಿನಿಂದ ಒಂಬತ್ತು ಹತ್ತು ಗ್ರಾಮಿನಷ್ಟೂ, ಕಡೆಯ ಮೂರು ತಿಂಗಳಲ್ಲಿ ೨೨ ಗ್ರಾಮಿನಷ್ಟೂ ಹೆಚ್ಚು ಬೇಕೆಂದು ನಮ್ಮ ದೇಶದ ಪೋಷಣಶಾಸ್ತ್ರಜ್ಞರು ೨೦೨೦ರಲ್ಲಿ ನಿರ್ಣಯಿಸಿರುವರು. ಅನ್ನದ ರಾಶಿಯಿಂದ ಇದು ದೊರೆಯದು. ಒಂದು ಕೋಳಿಮೊಟ್ಟೆಯಲ್ಲಿ ಸುಮಾರು ೬ ಗ್ರಾಮ್, ಒಂದು ಲೋಟ ಹಾಲಿನಲ್ಲಿಯೂ ಹೆಚ್ಚುಕಡಿಮೆ ಅಷ್ಟೇ, ೧೦೦ ಗ್ರಾಮ್ ಮೀನಿನಲ್ಲಿ ೨೦ ಗ್ರಾಮಿನಷ್ಟು ಇರುತ್ತದೆ. ಹೆಸರು, ತೊಗರಿ, ಅಲಸಂಡೆ, ಕಡಲೆಗಳಲ್ಲಿಯೂ ಇದು ಯಥೇಷ್ಟವಾಗಿದೆ. ನಮ್ಮ ಊರಿನ ಬಡವರ ಆಹಾರವೆನಿಸಿದ ಹುರುಳಿಯ ಸಾರು, ಬಂಗುಡೆ, ಬೂತಾಯಿಗಳು ಈ ವಿಷಯದಲ್ಲಿ ಶ್ರೀಮಂತರ ಹಲ್ವಕ್ಕಿಂತ ಎಷ್ಟೋ ಮೇಲು. ಬಂಗುಡೆ ಬೂತಾಯಿಗಳ ಕೊಬ್ಬು ಶಿಶುವಿನ ಮೆದುಳಿನ ಬೆಳವಣಿಗೆಗೂ ಹಿತಕರವಾದುದು. ವಾರಕ್ಕೆ ಎರಡು ಮೂರು ಸಲ, ಹುರಿಯದೆ, ಕಾಯಿಯನ್ನು ಮಿತವಾಗಿ ಹಾಕಿದ ಸಾರಿನಲ್ಲಿ ಬೇಯಿಸಿ ತಿನ್ನಬಹುದು. ಶಾರ್ಕಿನಂತಹ ದೊಡ್ಡ ಬೇಟೆಮೀನುಗಳಲ್ಲಿ ಪಾದರಸವು ಸೇರಿರುವುದರಿಂದ ಅವನ್ನು ಬಿಡುವುದು ಕ್ಷೇಮ.

ಅನ್ನವನ್ನು ಬಿಡಬೇಕೆಂದು ನಾವು ಹೇಳುವುದಿಲ್ಲ. ಕರಾವಳಿಯವರಿಗೆ ಅನ್ನವಿಲ್ಲದ ಊಟವು ಊಟವೇ ಅಲ್ಲ. ಅದರ ಪಾಲು ಬಟ್ಟಲಿನ ಕಾಲಂಶವಾಗಿರಲಿ. ಇನ್ನೊಂದು ಕಾಲಂಶ ಬೇಳೆ, ಮೀನು, ಮೊಟ್ಟೆ, ಮೊಸರುಗಳಲ್ಲೊಂದು. ಉಳಿದರ್ಧವು ತರಕಾರಿ ಸೊಪ್ಪುಗಳು. ಬಿಳಿ ಬೆಳ್ತಿಗೆಗಿಂತ ನಮ್ಮ ಕೆಂಪು ಕುಚ್ಚಲಕ್ಕಿಯು ಮೇಲು. ಭತ್ತವನ್ನು ಬೇಯಿಸುವಾಗ ತವುಡಿನಲ್ಲಿರುವ ಜೀವಸತ್ವಗಳ ಒಂದಂಶವು ಅಕ್ಕಿಯೊಳಕ್ಕೆ ಸೇರುವುದು; ಕೆಂಪು ತವುಡು ಉಳಿದಿದ್ದರೆ ನಾರೂ ದೊರೆಯುವುದು. ಗಂಜಿಯೊಡನೆ ಬರಿಯ ಉಪ್ಪಿನಕಾಯಿಯ ಬದಲು ಹೆಸರುಕಾಳಿನ ಪಲ್ಯವಿರಲಿ. ನೀರುದೋಸೆಯು ಬರಿಯ ಅಕ್ಕಿಯದಾದುದರಿಂದ ಬೇಗನೆ ಜೀರ್ಣವಾಗಿ ಮತ್ತೆ ಹಸಿವನ್ನು ತರುತ್ತದೆ; ಅದನ್ನು ಬೆಲ್ಲ ಕಾಯಿಯೊಡನೆ ತಿನ್ನುವ ಬದಲು ಮೊಟ್ಟೆಯ ಅಥವಾ ಕಾಳಿನ ಪದಾರ್ಥದೊಡನೆ ತಿನ್ನುವುದು ಹಿತ. ಹಿತ್ತಲಿನ ಬಸಳೆ, ಹರಿವೆ, ನುಗ್ಗೆಯ ಸೊಪ್ಪುಗಳೂ, ತೊಂಡೆ ಬೆಂಡೆಗಳೂ ದಿನಕ್ಕೆ ಎರಡು ಬಗೆಯಾದರೂ ಬಟ್ಟಲಿಗೆ ಬರತಕ್ಕದ್ದು. ಆಟಿ ತಿಂಗಳಿನ ಪತ್ರೊಡೆಯನ್ನು ಎಣ್ಣೆಯಲ್ಲಿ ಕಾಯಿಸದೆ ಹಬೆಯಲ್ಲಿ ಬೇಯಿಸಿದಂತೆಯೇ ತಿಂದರೆ ಅದೂ ಒಳ್ಳೆಯ ಆಹಾರವೇ.

ಎರಡು ಗಂಟೆ ಮೂರು ಗಂಟೆಗೊಮ್ಮೆ ಸ್ವಲ್ಪ ಸ್ವಲ್ಪವಾಗಿ ಉಣ್ಣುವುದರಿಂದ ಎದೆಯುರಿಯೂ ವಾಂತಿಯೂ ತಗ್ಗುವುವು. ನಡುವಣ ಹಸಿವೆಗೆ ಹುರಿದ ಕಡಲೆ, ಸಂಬಾರ ಮಜ್ಜಿಗೆ, ಪೇರಳೆಹಣ್ಣು, ನೆನೆಸಿದ ಹೆಸರುಕಾಳನ್ನು ಬೇಯಿಸಿದ ಉಸಲಿ ಸಾಕು. ಸಕ್ಕರೆ ಬೆರೆಸಿದ ಶರಬತ್ತು, ಬಾಟಲಿಯ ಪಾನೀಯ, ದಿನಕ್ಕೆ ನಾಲ್ಕೈದು ಲೋಟ ಸಿಹಿ ಚಹ, ಇವುಗಳಿಂದ ಲೆಕ್ಕಕ್ಕೇ ಸಿಗದೆ ತೂಕವು ಏರುವುದುಂಟು. ಚಹವನ್ನು ಊಟದೊಡನೆ ಕುಡಿದರೆ ಆಹಾರದ ಕಬ್ಬಿಣವು ಮೈಗೆ ಹತ್ತದೆ ಹೋಗುವುದೆಂಬುದನ್ನೂ ನೆನಪಿಡಬೇಕು. ಬಯಕೆಯನ್ನು ಪೂರ್ತಿಯಾಗಿ ಅಡಗಿಸಬೇಕಾಗಿಲ್ಲ. ಗೋಳಿಬಜೆಯನ್ನು ವಾರಕ್ಕೊಮ್ಮೆ ಎರಡು ತಿಂದರೆ ಯಾರೂ ಕೆಡುವುದಿಲ್ಲ. ತಟ್ಟೆ ತುಂಬ ತಂದಿರಿಸಿ "ತಿನ್ನು, ತಿನ್ನು" ಎಂದು ಒತ್ತಾಯಿಸುವುದೇ ತಪ್ಪು.

ಉಪವಾಸದ ವಿಷಯದಲ್ಲಿ ಒಂದು ಮಾತು. ತೂಕವನ್ನು ತಗ್ಗಿಸಲೆಂದಾಗಲಿ ವ್ರತಕ್ಕೆಂದಾಗಲಿ ಗರ್ಭಿಣಿಯು ದಿನವಿಡೀ ಹಸಿದಿರುವುದು ಉಚಿತವಲ್ಲ. ಏಕಾದಶಿಯನ್ನು ಹೆರಿಗೆಯ ಬಳಿಕವೂ ಆಚರಿಸಬಹುದು. ರಮ್ಜಾನಿನ ಉಪವಾಸವನ್ನು ಗರ್ಭಿಣಿಯು ಮುಂದಕ್ಕೆ ಹಾಕಬಹುದೆಂದು ಇಸ್ಲಾಮಿನಲ್ಲಿಯೇ ಅನುಮತಿಯುಂಟು. ಅತಿ ಸ್ಥೂಲಳಾದವಳೂ ಕೂಡ ಈ ಒಂಬತ್ತು ತಿಂಗಳಲ್ಲಿ ತೂಕವನ್ನು ಇಳಿಸುವ ಪಥ್ಯವನ್ನು ತಾನಾಗಿ ಹಿಡಿಯಕೂಡದು. ಏರಿಕೆಯನ್ನು ನಿಧಾನಗೊಳಿಸಿದರೆ ಸಾಕು.

ನಡೆ ಮತ್ತು ವ್ಯಾಯಾಮ

ಬಸುರು ರೋಗವಲ್ಲ. ತೊಂದರೆಯಿಲ್ಲದ ಗರ್ಭಿಣಿಯು ವಾರಕ್ಕೆ ೧೫೦ ನಿಮಿಷವಾದರೂ ಮೈ ಬೆಚ್ಚಗಾಗುವಷ್ಟು ಚಲನೆಯಲ್ಲಿರಬೇಕೆಂದು ವಿಶ್ವ ಆರೋಗ್ಯ ಸಂಸ್ಥೆಯು ೨೦೨೦ರಲ್ಲಿ ಸಲಹೆಯಿತ್ತಿದೆ. ದಿನಕ್ಕೆ ಅರ್ಧ ಗಂಟೆಯಂತೆ ಐದು ದಿನ ನಡೆದರೆ ಆ ಲೆಕ್ಕವು ತುಂಬುತ್ತದೆ. ಮೊದಲು ಅಭ್ಯಾಸವಿಲ್ಲದವಳು ಹತ್ತು ನಿಮಿಷದಿಂದ ಆರಂಭಿಸಿ ಮೆಲ್ಲಮೆಲ್ಲನೆ ಹೆಚ್ಚಿಸಲಿ. ವೇಗವು ಎಷ್ಟಿರಬೇಕೆಂಬುದಕ್ಕೆ ಒಂದು ಸುಲಭವಾದ ಗುರುತುಂಟು: ನಡೆಯುತ್ತ ಜತೆಯವರೊಡನೆ ಮಾತನಾಡಲು ಆಗಬೇಕು, ಹಾಡಲು ಆಗಬಾರದು. ಮಾತೇ ಹೊರಡದಷ್ಟು ಏದುಸಿರು ಬಂದರೆ ವೇಗವು ಹೆಚ್ಚಾಯಿತೆಂದು ತಿಳಿಯಬೇಕು.

ಮಂಗಳೂರಿನಲ್ಲಿ ಇದಕ್ಕೆ ಎರಡು ಅಡಚಣೆಗಳುಂಟು. ಮಾರ್ಚಿನಿಂದ ಮೇ ತಿಂಗಳವರೆಗೆ ಬಿಸಿಲಿಗಿಂತಲೂ ಬೆವರಿನ ಸೆಕೆಯೇ ಬಾಧಕ. ಆ ದಿನಗಳಲ್ಲಿ ಸೂರ್ಯನು ಏರುವ ಮೊದಲು ಅಥವಾ ಮುಳುಗುವ ಹೊತ್ತಿಗೆ ಕದ್ರಿಯ ಉದ್ಯಾನದಲ್ಲಿಯೋ ನೆಹರು ಮೈದಾನದ ಸುತ್ತಲೋ ನಡೆಯಬಹುದು. ಮೊದಲೂ ಕಡೆಗೂ ನೀರು ಕುಡಿಯತಕ್ಕದ್ದು. ಪಣಂಬೂರು, ತಣ್ಣೀರುಬಾವಿಗಳ ಕಡಲತೀರವು ಗಾಳಿಗೆ ಚೆಂದವಾದರೂ ಸಡಿಲವಾದ ಮರಳಿನಲ್ಲಿ ಕಾಲು ಹೂತು ಬೇಗ ದಣಿವಾಗುವುದು. ನೀರಿನಂಚಿನ ಗಟ್ಟಿ ನೆಲವೇ ಲೇಸು. ಎರಡನೆಯ ಅಡಚಣೆ ಮಳೆ. ಜೂನಿನಿಂದ ಸೆಪ್ಟೆಂಬರ್ ವರೆಗೆ ಪಾಚಿ ಹಿಡಿದ ಅಂಗಳದಲ್ಲಿಯೂ ನೀರು ಹರಿಯುವ ಬೀದಿಯಲ್ಲಿಯೂ ಗರ್ಭಿಣಿಯು ಜಾರಿ ಬೀಳುವ ಭಯವಿರುವುದರಿಂದ ಆಗ ಮನೆಯೊಳಗಣ ನಡೆಯೇ ಕ್ಷೇಮ. ಚಾವಡಿಯ ಈ ಗೋಡೆಯಿಂದ ಆ ಗೋಡೆಗೆ ಹದಿನೈದು ನಿಮಿಷ ಬೆಳಿಗ್ಗೆ, ಹದಿನೈದು ನಿಮಿಷ ಸಂಜೆ ನಡೆದರೂ ಫಲವು ಅದೇ. ಊಟವಾದ ಮೇಲೆ ಹತ್ತು ನಿಮಿಷ ಹಾಗೆ ತಿರುಗಾಡಿದರೆ ರಕ್ತದ ಸಕ್ಕರೆಯು ಅತಿಯಾಗಿ ಏರದಂತೆ ತಡೆಯಾಗುತ್ತದೆ.

ನಡೆಯೊಡನೆ ಕೆಲವು ಸುಲಭವಾದ ವ್ಯಾಯಾಮಗಳೂ ಇರಲಿ: ಗೋಡೆಗೆ ಅಂಗೈಯೂರಿ ಮೈಯನ್ನು ಮುಂದೆ ಹಿಂದೆ ತೂಗುವುದು, ಕುರ್ಚಿಯ ಬೆನ್ನನ್ನು ಹಿಡಿದು ಅರ್ಧ ಕುಳಿತು ಏಳುವುದು, ಆಸನಗಳಲ್ಲಿ ತಾಡಾಸನ, ಬದ್ಧಕೋಣಾಸನ, ಮಾರ್ಜಾಲಾಸನ. ಮೂತ್ರವನ್ನು ತಡೆಯುವಾಗ ಬಿಗಿಯುವ ಸ್ನಾಯುಗಳನ್ನು ಐದೆಣಿಸುವವರೆಗೆ ಬಿಗಿದು ಸಡಿಲಿಸುವುದನ್ನು ದಿನಕ್ಕೆ ಕೆಲವು ಸಲ ಮಾಡಿದರೆ ಹೆರಿಗೆಯ ಬಳಿಕ ಮೂತ್ರವು ಜಿನುಗುವ ತೊಂದರೆಯು ತಗ್ಗುತ್ತದೆ. ಕಪಾಲಭಾತಿ, ಉಸಿರನ್ನು ಬಿಗಿಹಿಡಿಯುವ ಪ್ರಾಣಾಯಾಮ, ಶೀರ್ಷಾಸನ, ಹೊಟ್ಟೆಯ ಮೇಲೆ ಮಲಗುವ ಆಸನಗಳು ಕೂಡದು. ನಾಲ್ಕನೆಯ ತಿಂಗಳಿನ ಮೇಲೆ ಬೆನ್ನಡಿಯಾಗಿ ಬಹಳ ಹೊತ್ತು ಮಲಗಿ ಮಾಡುವ ವ್ಯಾಯಾಮವೂ ಬೇಡ. ಭಾರವಾದ ಕೊಡ, ಗ್ಯಾಸಿನ ಸಿಲಿಂಡರುಗಳನ್ನು ಎತ್ತಿಸಬಾರದು. ಗುಡಿಸುವುದು, ತರಕಾರಿ ಹೆಚ್ಚುವುದು, ಬಟ್ಟೆ ಒಣಗಹಾಕುವುದು ಮುಂತಾದ ಹಗುರವಾದ ಕೆಲಸಗಳನ್ನು ಬಿಡಿಸಬಾರದು. ಕುಳಿತು ದುಡಿಯುವವಳು ಅರ್ಧ ಗಂಟೆಗೊಮ್ಮೆ ಎದ್ದು ಎರಡು ನಿಮಿಷ ಓಡಾಡತಕ್ಕದ್ದು.

ಎಲ್ಲರಿಗೂ ವ್ಯಾಯಾಮವು ಸಲ್ಲದು. ರಕ್ತಸ್ರಾವವಿದ್ದವಳು, ಮಾಸು ಗರ್ಭದ ಬಾಯಿಗೆ ಅಡ್ಡವಾಗಿರುವವಳು, ಗರ್ಭದ ಬಾಯಿಗೆ ಹೊಲಿಗೆ ಹಾಕಿಸಿಕೊಂಡವಳು, ದಿನ ತುಂಬುವ ಮೊದಲೇ ನೋವು ಕಾಣಿಸಿಕೊಂಡವಳು, ರಕ್ತದ ಒತ್ತಡವು ಅಧಿಕವಾಗಿರುವವಳು, ತೀವ್ರವಾದ ರಕ್ತಹೀನತೆಯವಳು ಅಥವಾ ಹೃದ್ರೋಗಿಯು ವೈದ್ಯರನ್ನು ಕೇಳದೆ ಆರಂಭಿಸಲೇಬಾರದು. ನಡೆಯುವಾಗ ತಲೆಸುತ್ತು, ಎದೆನೋವು, ರಕ್ತಸ್ರಾವ, ನೀರು ಹೋಗುವುದು, ಹೊಟ್ಟೆಯ ಬಿಗಿತ ಕಂಡರೆ ಅಲ್ಲಿಯೇ ನಿಲ್ಲಿಸಿ ಆಸ್ಪತ್ರೆಗೆ ಹೋಗಬೇಕು.

ಇಷ್ಟೆಲ್ಲ ಮಾಡಿದರೆ ಆಗುವ ಲಾಭವೆಷ್ಟೆಂದು ಕೇಳಿದರೆ ಉತ್ಪ್ರೇಕ್ಷೆಯಿಲ್ಲದೆ ಹೇಳಬೇಕು. ೩೬ ಪ್ರಯೋಗಗಳಲ್ಲಿ ಸೇರಿದ ಹನ್ನೆರಡು ಸಾವಿರಕ್ಕೂ ಮಿಕ್ಕಿದ ಗರ್ಭಿಣಿಯರ ಲೆಕ್ಕವನ್ನು ಒಟ್ಟುಗೂಡಿಸಿ ೨೦೧೭ರಲ್ಲಿ ಪ್ರಕಟಿಸಿದಾಗ, ಆಹಾರ ವ್ಯಾಯಾಮಗಳ ನಿಯಮವನ್ನು ಪಾಲಿಸಿದವರಲ್ಲಿ ತೂಕದ ಏರಿಕೆಯು ಸರಾಸರಿ ೭೦೦ ಗ್ರಾಮ್ ಮಾತ್ರ ಕಡಿಮೆಯಾಗಿತ್ತು. ಅಂಕಿಯು ಸಣ್ಣದು. ಆದರೆ ಅವರಲ್ಲಿ ಶಸ್ತ್ರಕ್ರಿಯೆಯ ಹೆರಿಗೆಗಳೂ ತುಸು ಕಡಿಮೆಯಾದುವು. ಸಣ್ಣ ಲಾಭವಾದರೂ ಖರ್ಚಿಲ್ಲದ ಲಾಭ.

ಪರೀಕ್ಷೆಯನ್ನು ತಪ್ಪಿಸಬಾರದು

ಮನೆಯ ತಕ್ಕಡಿಯೊಂದನ್ನೇ ನಂಬಿ ಕುಳಿತುಕೊಳ್ಳುವುದು ಸಾಲದು. ಗರ್ಭಕಾಲದ ಮಧುಮೇಹವು ಬಹುಮಟ್ಟಿಗೆ ಯಾವ ಚಿಹ್ನೆಯನ್ನೂ ತೋರಿಸದೆ ಬರುತ್ತದೆ, ತೆಳ್ಳಗಿರುವವಳಿಗೂ ಬಂದೀತು. ಮೊದಲನೆಯ ಭೇಟಿಯಲ್ಲಿ ಒಮ್ಮೆ, ೨೪ರಿಂದ ೨೮ನೆಯ ವಾರದೊಳಗೆ ಇನ್ನೊಮ್ಮೆ ೭೫ ಗ್ರಾಮ್ ಗ್ಲೂಕೋಸನ್ನು ಕುಡಿಸಿ, ಎರಡು ಗಂಟೆಯ ಮೇಲೆ ರಕ್ತವನ್ನು ಪರೀಕ್ಷಿಸಬೇಕೆಂದು ಭಾರತ ಸರಕಾರದ ನಿಯಮವಿದೆ. ಸಕ್ಕರೆಯು ೧೪೦ ಅಥವಾ ಅದಕ್ಕಿಂತ ಹೆಚ್ಚಿದ್ದರೆ ಚಿಕಿತ್ಸೆಯು ಆರಂಭವಾಗಬೇಕು. ಅನೇಕರಿಗೆ ಆ ಚಿಕಿತ್ಸೆಯು ಮೇಲೆ ಹೇಳಿದ ಊಟ ನಡೆಗಳಲ್ಲಿಯೇ ಮುಗಿಯುತ್ತದೆ. ಒಂದೇ ವಾರದಲ್ಲಿ ಒಂದು ಕಿಲೋಗ್ರಾಮಿಗೂ ಮೀರಿ ತೂಕವು ಏರಿ, ಮುಖ ಕೈಗಳು ಬಾತು, ತಲೆನೋವು ಅಥವಾ ಕಣ್ಣುಮಂಜು ಬಂದರೆ ಅದು ಊಟದ ದೋಷವಲ್ಲ. ರಕ್ತದ ಒತ್ತಡವು ಏರಿರಬಹುದು. ಆಗ ಒಂದು ದಿನವೂ ತಡಮಾಡಕೂಡದು.

ಹಣವಿಲ್ಲವೆಂಬುದು ಇದಕ್ಕೆ ಅಡ್ಡಿಯಾಗಬೇಕಾಗಿಲ್ಲ. ತಲೆಮಾರುಗಳಿಂದ ಈ ಊರಿನ ಹೆರಿಗೆಗಳನ್ನು ನೋಡಿಕೊಂಡು ಬಂದ ಸರಕಾರಿ ಲೇಡಿಗೋಷನ್ ಆಸ್ಪತ್ರೆಯು ನಗರದ ನಡುವಿನಲ್ಲಿಯೇ ಇದೆ. ೨೦೧೬ರಲ್ಲಿ ಆರಂಭವಾದ ಪ್ರಧಾನಮಂತ್ರಿ ಸುರಕ್ಷಿತ ಮಾತೃತ್ವ ಅಭಿಯಾನದಂತೆ ಪ್ರತಿ ತಿಂಗಳ ೯ನೆಯ ತಾರೀಖಿನಂದು ಸರಕಾರಿ ಆಸ್ಪತ್ರೆಗಳಲ್ಲಿ ಗರ್ಭಿಣಿಯರಿಗೆ ಉಚಿತ ತಪಾಸಣೆಯುಂಟು. ಅಲ್ಲಿ ಕೊಡುವ ತಾಯಿ ಕಾರ್ಡಿನಲ್ಲಿ ತೂಕವನ್ನು ತಪ್ಪದೆ ಬರೆಯಿಸಿ, ಮನೆಯವರೂ ಅದನ್ನು ಓದಬೇಕು. ಕರ್ನಾಟಕ ಸರಕಾರವು ೨೦೧೭ರ ಅಕ್ಟೋಬರ್ ೨ರಂದು ಆರಂಭಿಸಿದ ಮಾತೃಪೂರ್ಣ ಯೋಜನೆಯು ಅಂಗನವಾಡಿಯಲ್ಲಿ ಗರ್ಭಿಣಿಯರಿಗೆ ಅನ್ನ, ಸಾಂಬಾರು, ಹಾಲು, ಮೊಟ್ಟೆಗಳ ಊಟವನ್ನು ಕೊಡಲೆಂದು ಏರ್ಪಟ್ಟುದು. ಬರಿಯ ಅನ್ನದಿಂದ ಮಗುವು ಬೆಳೆಯದೆಂಬ ತತ್ತ್ವವೇ ಅದರಲ್ಲಿಯೂ ಇದೆ.

ಮನೆಯವರು ಮಾಡತಕ್ಕದ್ದು

ಕಡೆಯದಾಗಿ ಮನೆಯ ಹಿರಿಯರಿಗೆ ಕೆಲವು ಮಾತುಗಳು. ಗರ್ಭಿಣಿಯೊಬ್ಬಳಿಗೇ ಬೇರೆ ಪಥ್ಯವನ್ನು ಮಾಡಿ, ಉಳಿದವರು ಅವಳೆದುರಿನಲ್ಲಿಯೇ ಹೋಳಿಗೆಯನ್ನು ತಿನ್ನುವುದು ನ್ಯಾಯವಲ್ಲ. ನಡೆಯುವ ಮಾತೂ ಅಲ್ಲ. ಎಣ್ಣೆ ಸಕ್ಕರೆಗಳು ಇಡೀ ಮನೆಗೇ ಕಡಿಮೆಯಾಗಲಿ. ಮಾವನವರ ಸಕ್ಕರೆ ಕಾಯಿಲೆಗೂ ಅದರಿಂದ ಹಿತವೇ. ನೋಡಲು ಬರುವ ಬಂಧುಗಳು ಸಿಹಿಯ ಬದಲು ಹಣ್ಣನ್ನು ತರಲಿ. ಬಯಕೆಯ ದಿನ ಹರಕೆಗೆ ಒಂದು ತುತ್ತು ಸಾಕು. ಐವತ್ತು ಮಂದಿಯ ಐವತ್ತು ತುತ್ತು ಬೇಡ. ಗಂಡನಾದವನು ಸಂಜೆಯ ಅರ್ಧ ಗಂಟೆಯನ್ನು ಅವಳೊಡನೆ ನಡೆಯಲು ಮೀಸಲಿಡಲಿ. ಅವಳಿಗೆ ಆ ಬಿಡುವು ದೊರೆಯಬೇಕಾದರೆ ರಾತ್ರಿಯ ಅಡಿಗೆಯಲ್ಲಿ ಬೇರೊಬ್ಬರ ಕೈಯೂ ಸೇರಬೇಕು. ನಡೆಯಲು ಹೇಳಿ, ಕೆಲಸದ ಹೊರೆಯನ್ನೂ ಹಾಗೆಯೇ ಬಿಟ್ಟರೆ ಅದು ಉಪದೇಶವೇ ಹೊರತು ಉಪಕಾರವಲ್ಲ.

ಎಲ್ಲಕ್ಕಿಂತ ಮಿಗಿಲಾಗಿ, ತೂಕದ ವಿಷಯವನ್ನು ಹಾಸ್ಯಕ್ಕೆಳೆಯಬಾರದು. "ಆನೆಯಂತಾಗಿದ್ದೀ" ಎಂದು ನಗುವವರೂ "ಏನೂ ಏರಿಲ್ಲವಲ್ಲ, ಮಗುವಿಗೇನು ಉಂಟು?" ಎಂದು ಹೆದರಿಸುವವರೂ ಸಮಾನವಾಗಿಯೇ ಅಪಕಾರವನ್ನು ಮಾಡುತ್ತಾರೆ. ನಗೆಗೆ ಹೆದರಿದವಳು ಊಟವನ್ನು ಬಿಡುವಳು. ಹೆದರಿಕೆಗೆ ಸೋತವಳು ಹಸಿವಿಲ್ಲದೆ ಉಣ್ಣುವಳು. ಕಾರ್ಡಿನಲ್ಲಿರುವ ಅಂಕಿಯನ್ನು ನೋಡಿ, ವೈದ್ಯರ ಮಾತನ್ನು ಕೇಳಿ, ಬಟ್ಟಲನ್ನು ಅದಕ್ಕೆ ತಕ್ಕಂತೆ ಜೋಡಿಸುವುದೇ ಸರಿಯಾದ ದಾರಿ. ಹೀಗೆ ನಡೆದುಕೊಂಡ ಮನೆಯಲ್ಲಿ ಹುಟ್ಟುವ ಮಗುವು, ತೊಟ್ಟಿಲಿಗೆ ಬರುವ ಮೊದಲೇ ತನ್ನ ಹಿರಿಯರಿಂದ ಒಂದು ಒಳ್ಳೆಯ ಆಸ್ತಿಯನ್ನು ಪಡೆದಂತಾಯಿತು.